ಮೂರನೆಯ ಬ್ಯಾಟರಿ

ಹಿಂದಿನ ರೇಡಿಯೋ ವಾಲ್ವಿಗೆ ಮೂರು ಬ್ಯಾಟರಿಗಳ ಉಪಚಾರ ನಡೆಯಬೇಕಾಗಿತ್ತು: ಒಳಗಿನ ತಂತಿ ಕಾಯಲು ‘ಎ’, ಪ್ಲೇಟಿಗೆ ‘ಬಿ’, ಗ್ರಿಡ್ಡಿಗೆ ‘ಸಿ’. ಇವುಗಳಲ್ಲಿ ‘ಸಿ’ ಬಡಪಾಯಿ; ಎಷ್ಟೋ ಸೆಟ್ಟುಗಳಲ್ಲಿ ಬರೀ ನಾಲ್ಕೂವರೆ ವೋಲ್ಟಿನದು. ಆದರೂ ಕಥಾನಾಯಕ ಅದೇ ಎಂದು ನನ್ನ ಎಣಿಕೆ.

ಅಮೆರಿಕದ ಲೀ ಡಿ ಫಾರೆಸ್ಟ್ 1906ರಲ್ಲಿ ಗ್ರಿಡ್ಡುಳ್ಳ ‘ಆಡಿಯಾನ್’ ವಾಲ್ವನ್ನು ರಚಿಸಿದನು. ಅದನ್ನು ಟೆಲಿಫೋನಿಗೆ ಬಳಸುವ ಹಕ್ಕನ್ನು ಎ.ಟಿ. ಅಂಡ್ ಟಿ. ಕಂಪನಿ 1913ರಲ್ಲಿ 50,000 ಡಾಲರಿಗೆ ಕೊಂಡಿತು. ಗ್ರಿಡ್ಡನ್ನು ಸದಾ ಋಣ ವೋಲ್ಟೇಜಿನಲ್ಲಿಟ್ಟರೆ ವಾಲ್ವು ಹದದಲ್ಲಿರುತ್ತದೆಂಬ ಯುಕ್ತಿಗೆ ಪೇಟೆಂಟು ಪಡೆದವನು ಫ್ರಿಟ್ಸ್ ಲೋವೆನ್‌ಸ್ಟೀನ್, ಹಿಂದೊಮ್ಮೆ ಟೆಸ್ಲಾನ ಸಹಾಯಕ. ಆ ಒಂದು ಯುಕ್ತಿಗೆ ಅದೇ ಕಂಪನಿ 1,50,000 ಡಾಲರು ತೆತ್ತಿತು! ಕುದುರೆಗಿಂತ ಕಡಿವಾಣಕ್ಕೆ ಮೂರು ಪಟ್ಟು ಬೆಲೆ.

ಕಡಿವಾಣ ಕಳಚಿದರೆ ಪ್ಲೇಟಿನ ಪ್ರವಾಹ ಉಕ್ಕುತ್ತದೆ. ದೊಡ್ಡ ವಾಲ್ವಾದರೆ ಪ್ಲೇಟು ಕೆಂಪಗೆ ಕಾದು ಹಾಳಾಗುತ್ತದೆ. ಹವ್ಯಾಸಕ್ಕಾಗಿ ಹಳೆಯ ವಾಲ್ವು ಹೊತ್ತಿಸುವವರು ಮೊದಲು ಅಳೆಯಬೇಕಾದದ್ದು ಇದನ್ನೇ.

‘ಬಿ’ಯ ಮಾತು ಬೇರೆ. ಬ್ಯಾಟರಿ ಹೋಗಿ ಮನೆಯ ವಿದ್ಯುತ್ತು ಬಂದಮೇಲೆ ಅದು 250 ವೋಲ್ಟಿನಾಚೆಗೂ ಏರಿತು. ಸ್ವಿಚ್ಚು ಆರಿಸಿದರೂ ಕೆಪಾಸಿಟರಿನಲ್ಲಿ ಅವಿತಿರುತ್ತದೆ. ಅಲ್ಲಿ ಹೋಗುವುದು ವಾಲ್ವಿನ ಪ್ರಾಣವಲ್ಲ. ಪ್ಲಗ್ಗು ಕಿತ್ತು, ರೆಸಿಸ್ಟರಿನ ಮೂಲಕ ಅದನ್ನು ಇಳಿಸಿ, ಮೀಟರು ಸೊನ್ನೆ ತೋರಿದ ಮೇಲೆಯೇ ನಾನು ಒಳಗೆ ಕೈಯಿಡುವುದು.