ಚಿತ್ರ ಮೊದಲು, ಕತೆ ಆಮೇಲೆ

ಹಳೇ ಪುಸ್ತಕ ಕೂಡಿಡೋರಲ್ಲಿ ಒಂದು ಪುಟ್ಟ ಪಂಗಡ ಇದೆ: ಹತ್ತೊಂಬತ್ತನೇ ಶತಮಾನದ ಇಂಗ್ಲೆಂಡಿನ ‘ಸ್ಪೋರ್ಟಿಂಗ್’ ಕಾದಂಬರಿಗಳ ಹಿಂದೆ ಬಿದ್ದವರು. ಸ್ಪೋರ್ಟ್ ಅಂದ್ರೆ ಇಲ್ಲಿ ಕ್ರಿಕೆಟ್ಟಲ್ಲ. ಕುದುರೆ ಏರಿ, ನಾಯಿಹಿಂಡು ಬಿಟ್ಟು ನರಿ ಅಟ್ಟೋದು, ಬಂದೂಕು ಹಿಡಿದು ಹಕ್ಕಿ ಹೊಡೆಯೋದು. ಈ ಬಗೆಯ ಬರವಣಿಗೆಗೆ ದೊರೆ ರಾಬರ್ಟ್ ಸ್ಮಿತ್ ಸರ್ಟೀಸ್ (1805–1864), ಡರ್ಹಮ್ ಕಡೆಯ ಜಮೀನ್ದಾರರ ಮಗ. ಅವನ ನಾಯಕ ಜಾರಕ್ಸ್ ಮಾತ್ರ ಲಂಡನ್ನಿನ ದಿನಸಿ ವ್ಯಾಪಾರಿ, ನರಿಬೇಟೆಯ ಹುಚ್ಚು ಹಿಡಿಸಿಕೊಂಡವನು.

ತಮಾಷೆ ಏನು ಗೊತ್ತಾ? ಬೇರೆ ಪುಸ್ತಕಗಳಲ್ಲಿ ಮೊದಲ ಮುದ್ರಣಕ್ಕೇ ಬೆಲೆ. ಇಲ್ಲಿ ಹಾಗಲ್ಲ. ಸರ್ಟೀಸನ ‘ಹ್ಯಾಂಡ್ಲಿ ಕ್ರಾಸ್’ ಮೊದಲು ಬಂದಿದ್ದು 1843ರಲ್ಲಿ, ಮೂರು ಸಂಪುಟ, ಒಂದೂ ಚಿತ್ರವಿಲ್ಲ. ಸಂಗ್ರಾಹಕರು ಕಣ್ಣಿಡೋದು 1853–54ರ ಮುದ್ರಣದ ಮೇಲೆ. ಅದಕ್ಕೆ ‘ಪಂಚ್’ ಪತ್ರಿಕೆಯ ಜಾನ್ ಲೀಚ್ ಚಿತ್ರ ಬರೆದಿದ್ದ. ಜಾರಕ್ಸನ ಮೊದಲ ಪುಸ್ತಕದ್ದೂ ಇದೇ ಕತೆ: 1838ರ ಮುದ್ರಣಕ್ಕಿಂತ ಹೆನ್ರಿ ಆಲ್ಕನ್ನನ ಬಣ್ಣದ ಚಿತ್ರಗಳಿರೋ 1843ರದ್ದಕ್ಕೇ ಹೆಚ್ಚು ಮರ್ಯಾದೆ. ಬಣ್ಣ ಅಂದ್ರೆ ಅಚ್ಚಿನ ಬಣ್ಣ ಅಲ್ಲ, ಒಂದೊಂದು ಪ್ರತಿಗೂ ಕೈಯಲ್ಲಿ ಹಚ್ಚಿದ್ದು. ಎರಡು ಪ್ರತಿ ಪಕ್ಕಪಕ್ಕ ಇಟ್ಟರೆ ಒಂದೇ ಕೆಂಪು ಕೋಟು ಬೇರೆಬೇರೆ ಕೆಂಪಾಗಿ ಕಾಣಬಹುದು. ಆ ಬಣ್ಣ ಹಚ್ಚಿದ ಕೈಗಳ ಹೆಸರು ಪುಸ್ತಕದಲ್ಲಿ ಎಲ್ಲೂ ಇಲ್ಲ.

ಲೀಚನ ‘ಹ್ಯಾಂಡ್ಲಿ ಕ್ರಾಸ್’ ಬಂದಿದ್ದು ತಿಂಗಳಿಗೊಂದರಂತೆ 17 ಕಂತುಗಳಲ್ಲಿ. ತೆಳು ಕಾಗದದ ಹೊದಿಕೆ, ಒಳಗೆ ಕತೆ, ಚಿತ್ರ, ಜೊತೆಗೆ ಜಾಹೀರಾತುಗಳು. ನಮ್ಮ ಮನೆಗಳಲ್ಲಿ ವಾರಪತ್ರಿಕೆಯ ಧಾರಾವಾಹಿ ಹರಿದು ಬೈಂಡ್ ಮಾಡಿಸ್ತಿದ್ದರಲ್ಲ, ಹಾಗೇ ಅಲ್ಲಿನ ಓದುಗರೂ ಮಾಡಿಸಿದರು. ಬೈಂಡಿಂಗಿನವನು ಹೊದಿಕೆ, ಜಾಹೀರಾತು ಕಿತ್ತೆಸೆದ. ಈಗ ದುಡ್ಡು ಸುರಿಯೋದು ಆ ಕಿತ್ತೆಸೆದದ್ದಕ್ಕೇ!

ಕಂತಿನ ಈ ಪದ್ಧತಿ ಭರ್ಜರಿಯಾಗಿ ಗೆದ್ದದ್ದು ಅದಕ್ಕೂ ಮುಂಚೆ, 1836ರಲ್ಲಿ. ಅದೊಂದು ಕಹಿ ಕತೆ. ರಾಬರ್ಟ್ ಸೀಮೋರ್ ಅನ್ನೋ ಹೆಸರಾಂತ ಚಿತ್ರಕಾರ, ಬೇಟೆ ಬಾರದ ಪೇಟೆ ಮಂದಿಯ ಫಜೀತಿಗಳನ್ನು ಚಿತ್ರಸರಣಿಯಾಗಿ ತರೋ ಯೋಚನೆ ಮಾಡಿದ. ಪ್ರಕಾಶಕರು ಚಿತ್ರದ ಜೊತೆಗೆ ಒಂದಿಷ್ಟು ಬರಹ ಇರಲಿ ಅಂತ 24 ವರ್ಷದ ಪತ್ರಕರ್ತನೊಬ್ಬನನ್ನು ಹಿಡಿದರು. ಹೆಸರು ಚಾರ್ಲ್ಸ್ ಡಿಕನ್ಸ್. ಹುಡುಗ ಪಟ್ಟು ಹಿಡಿದ: ಬೇಟೆಯ ವಿಷಯ ಹಳಸಿದೆ, ಕತೆ ಹೇಳಿದಂತೆ ಚಿತ್ರ ಬರಬೇಕೇ ಹೊರತು ಚಿತ್ರ ಹೇಳಿದಂತೆ ಕತೆ ಅಲ್ಲ. ‘ಪಿಕ್ವಿಕ್ ಪೇಪರ್ಸ್’ ಹುಟ್ಟಿದ್ದು ಹೀಗೆ. ಎರಡನೇ ಕಂತು ಹೊರಬರೋ ಮೊದಲೇ, ಏಪ್ರಿಲ್ 20ರಂದು ಸೀಮೋರ್ ಗುಂಡು ಹೊಡೆದುಕೊಂಡು ಸತ್ತ. ಅವನ ಮನಸ್ಸಿನ ಭಾರಕ್ಕೆ ಬೇರೆ ಕಾರಣಗಳೂ ಇದ್ದವು, ಎಲ್ಲವನ್ನೂ ಡಿಕನ್ಸ್ ತಲೆಗೆ ಕಟ್ಟೋದು ತಪ್ಪು. ಆದರೆ ಕಲ್ಪನೆ ತನ್ನ ಗಂಡನದು ಅಂತ ಹೆಂಡತಿ ವಾದಿಸಿದಾಗ, ಡಿಕನ್ಸ್ 1867ರ ಮುನ್ನುಡಿಯಲ್ಲೂ ಅದನ್ನು ಅಲ್ಲಗಳೆದ. ಸತ್ತವನ ಬಗ್ಗೆ ಇನ್ನಷ್ಟು ಔದಾರ್ಯ ತೋರಿಸಬಹುದಿತ್ತು ಅಂತ ನನಗನ್ನಿಸುತ್ತೆ.

ಮೂರನೇ ಕಂತಿಗೆ ಆರ್. ಡಬ್ಲ್ಯೂ. ಬಸ್ ಎಂಬ ಕಲಾವಿದ ಬಂದ. ಉಕ್ಕಿನ ತಗಡಿನ ಮೇಲೆ ಎಚಿಂಗ್ ಮಾಡಿ ಅವನಿಗೆ ಅಭ್ಯಾಸವಿರಲಿಲ್ಲ. ಎರಡೇ ಚಿತ್ರ, ಕೆಲಸ ಹೋಯಿತು. ನಂತರ ಬಂದವನು ‘ಫಿಜ್’ ಎಂಬ ಹೆಸರಿನ ಹಾಬ್ಲೋ ಬ್ರೌನ್, ಇನ್ನೂ 20ರ ಹುಡುಗ. ಸಾವಿರದ ಆಸುಪಾಸಿನಲ್ಲಿ ಶುರುವಾದ ಮಾರಾಟ ಕೊನೆಗೆ 40,000 ಮುಟ್ಟಿತು. ಬಸ್‌ನ ಚಿತ್ರಗಳನ್ನು ತೆಗೆದು ಫಿಜ್‌ನವನ್ನು ಹಾಕಿದರು. ಇವತ್ತು ಪಿಕ್ವಿಕ್ ಕಂತು ಸಿಕ್ಕರೆ ಸಂಗ್ರಾಹಕ ಮೊದಲು ಹುಡುಕೋದೇ ಆ ತಿರಸ್ಕೃತ ಎರಡು ಚಿತ್ರಗಳನ್ನು!

ಇಂಥ ಪುಸ್ತಕ ಕೊಳ್ಳೋರು ಪುಟಕ್ಕಿಂತ ಮೊದಲು ಚಿತ್ರ ಎಣಿಸ್ತಾರೆ. ಕಾರಣ ಇದೆ. ಬಿಡಿಬಿಡಿಯಾಗಿ ಚೌಕಟ್ಟು ಹಾಕಿ ಮಾರಿದರೆ ಇಡೀ ಪುಸ್ತಕಕ್ಕಿಂತ ಹೆಚ್ಚು ಲಾಭ ಅಂತ ಚಿತ್ರಗಳನ್ನು ಕತ್ತರಿಸೋ ವ್ಯಾಪಾರಿಗಳು ಇದ್ದಾರೆ. ಗೋಡೆಗೆ ಒಂದು ನರಿಬೇಟೆ ಸಿಗುತ್ತೆ, ಪುಸ್ತಕ ಹೋಗುತ್ತೆ. ಸರ್ಟೀಸನ ಕೊನೇ ಕಾದಂಬರಿ ‘ಮಿಸ್ಟರ್ ಫೇಸಿ ರಾಮ್‌ಫರ್ಡ್ಸ್ ಹೌಂಡ್ಸ್’ (1865) ವಿಷಯದಲ್ಲಂತೂ ನನಗೆ ಇದು ತಡೆಯೋಕಾಗಲ್ಲ. 1864ರ ಮಾರ್ಚಿನಲ್ಲಿ ಸರ್ಟೀಸ್ ಹೋದ, ಅಕ್ಟೋಬರಿನಲ್ಲಿ ಲೀಚ್. ಉಳಿದ ಚಿತ್ರಗಳನ್ನು ಮುಗಿಸಿದ್ದು ಅದೇ ಫಿಜ್. ಪುಟ ತಿರುಗಿಸ್ತಾ ಹೋದರೆ ಮಧ್ಯದಲ್ಲಿ ಗೆರೆಗಳ ಕೈ ಬದಲಾಗೋದು ಕಾಣುತ್ತೆ. ಅದು ಕಾಣಬೇಕಾದರೆ ಎಲ್ಲ ಚಿತ್ರಗಳೂ ಒಂದೇ ಪುಸ್ತಕದಲ್ಲಿ, ತಮ್ಮತಮ್ಮ ಜಾಗದಲ್ಲಿ ಇರಬೇಕು.