ಹೊಲದಲ್ಲಿ ಮರ ಬೆಳೆಸಿದರೆ ಜಮೀನು ಅರಣ್ಯ ಇಲಾಖೆಗೆ ಹೋಗುತ್ತದೆಯೇ?

ಮುಂಗಾರು ಹತ್ತಿರ ಬಂದಾಗ ಮರ ಬೆಳೆಸುವ ಬಗ್ಗೆ ಎರಡು ಬಗೆಯ ಮಾತು ವಾಟ್ಸಾಪ್‌ನಲ್ಲೂ ಕಟ್ಟೆಯ ಮೇಲೂ ಕೇಳಿಬರುತ್ತವೆ. ಇಲಾಖೆಯ ಸಸಿ ನೆಟ್ಟರೆ ಹೊಲವೇ ಅರಣ್ಯವಾಗಿಬಿಡುತ್ತದೆ, ಮರವೂ ನಮ್ಮದಲ್ಲ ಎಂಬುದು ಒಂದು. ಸಸಿ ನೆಟ್ಟ ಕೂಡಲೇ ಒಂದೊಂದಕ್ಕೆ 125 ರೂಪಾಯಿ ಖಾತೆಗೆ ಬರುತ್ತದೆ ಎಂಬುದು ಇನ್ನೊಂದು. ಮೊದಲನೆಯದನ್ನು ನಂಬಿದವರು ಸಿಗಬೇಕಾದ ಹಣ ಕಳೆದುಕೊಳ್ಳುತ್ತಾರೆ. ಎರಡನೆಯದನ್ನು ನಂಬಿದವರು ಮಧ್ಯವರ್ತಿಗೆ ದುಡ್ಡು ಕೊಟ್ಟು ಕೂರುತ್ತಾರೆ.

ಚಿಕ್ಕ ಉತ್ತರ

ಜಮೀನು ನಿಮ್ಮದೇ, ಮರವೂ ನಿಮ್ಮದೇ. ಪ್ರೋತ್ಸಾಹಧನ ಇರುವುದು ನಿಜ. ಆದರೆ ಅದು ನೆಟ್ಟಿದ್ದಕ್ಕಲ್ಲ, ಬದುಕಿ ಉಳಿದ ಸಸಿಗೆ, ಮೂರು ವರ್ಷಗಳ ಕಂತಿನಲ್ಲಿ.

ಇಟಗಿಯಂಥ ಊರಿಗೆ ಇದು ಯಾಕೆ ಮುಖ್ಯ?

ಕೊಪ್ಪಳ ಜಿಲ್ಲೆಯ ಗಂಗಾವತಿ ಕಡೆ ತುಂಗಭದ್ರಾ ಕಾಲುವೆಯ ನೀರಿದೆ, ಭತ್ತದ ಗದ್ದೆಗಳಿವೆ. 1112ರಲ್ಲಿ ಕಟ್ಟಿದ ಮಹಾದೇವ ದೇವಾಲಯದಿಂದ ಹೆಸರಾದ ಇಟಗಿ, ಅದರ ಸುತ್ತಲಿನ ಕುಕನೂರು, ಯಲಬುರ್ಗಾ, ಕುಷ್ಟಗಿ ಕಡೆ ಬೇಸಾಯ ಹೆಚ್ಚಾಗಿ ಮಳೆಯನ್ನೇ ನಂಬಿದೆ. ಜೋಳ, ಕಡಲೆ, ಹೆಸರು ಕೈಕೊಟ್ಟ ವರ್ಷದಲ್ಲೂ ಬದುವಿನ ಮೇಲಿನ ಬೇವು, ಹುಣಸೆ, ಸಾಗವಾನಿ ನಿಂತಿರುತ್ತವೆ. ಮಗಳ ಮದುವೆಗೋ ಆಸ್ಪತ್ರೆ ಖರ್ಚಿಗೋ ಒದಗುವ ಆಸ್ತಿ ಅದು. ಹೀಗಾಗಿ ತಪ್ಪು ಸಂದೇಶದ ನಷ್ಟ ಒಣಬೇಸಾಯದ ರೈತರಿಗೇ ಹೆಚ್ಚು.

ಹಣ ಕೊಡುವುದು ಯಾವ ಯೋಜನೆ?

ಇದರ ಹೆಸರು ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆ. ಕರ್ನಾಟಕ ಅರಣ್ಯ ಇಲಾಖೆ ಇದನ್ನು 2011-12ರಲ್ಲಿ ಶುರು ಮಾಡಿತು. ರೈತರು ವಲಯ ಅರಣ್ಯಾಧಿಕಾರಿ ಕಚೇರಿಯಲ್ಲಿ ಹೆಸರು ನೋಂದಾಯಿಸಿ, ಇಲಾಖೆಯ ನರ್ಸರಿಯಿಂದಲೇ ರಿಯಾಯಿತಿ ದರದಲ್ಲಿ ಸಸಿ ಕೊಳ್ಳಬೇಕು. ವರ್ಷ ತುಂಬಿದ ಮೇಲೆ ಸಿಬ್ಬಂದಿ ಹೊಲಕ್ಕೆ ಬಂದು ಬದುಕಿರುವ ಸಸಿಗಳನ್ನು ಎಣಿಸುತ್ತಾರೆ.

ಈಚಿನ ವರ್ಷಗಳ ದರ ಹೀಗಿದೆ: ಬದುಕಿದ ಪ್ರತಿ ಸಸಿಗೆ ಮೊದಲ ವರ್ಷ 35 ರೂ., ಎರಡನೇ ವರ್ಷ 40 ರೂ., ಮೂರನೇ ವರ್ಷ 50 ರೂ. ಮೂರೂ ಸೇರಿದರೆ 125 ರೂ. ಸಂದೇಶದಲ್ಲಿ ಓಡಾಡುವ ಅಂಕಿ ಹುಟ್ಟಿದ್ದು ಇಲ್ಲಿಂದಲೇ. ಹೆಕ್ಟೇರಿಗೆ ಗರಿಷ್ಠ 400 ಸಸಿಗಳಿಗೆ ಈ ಹಣ ಸಿಗುತ್ತದೆ.

ಒಂದು ಲೆಕ್ಕ ಹಾಕೋಣ. ನೀವು 100 ಸಸಿ ನೆಟ್ಟಿರಿ ಎಂದುಕೊಳ್ಳಿ. ಮೊದಲ ವರ್ಷ 80 ಉಳಿದರೆ 2,800 ರೂ. ಎರಡನೇ ವರ್ಷ 70 ಉಳಿದರೆ ಮತ್ತೆ 2,800 ರೂ. ಮೂರನೇ ವರ್ಷ 65 ಉಳಿದರೆ 3,250 ರೂ. ಒಟ್ಟು 8,850 ರೂ., 12,500 ಅಲ್ಲ. ಮೊದಲ ಬೇಸಿಗೆಯಲ್ಲೇ ಎಲ್ಲವೂ ಒಣಗಿದರೆ ಏನೂ ಇಲ್ಲ.

ಎಲ್ಲ ಗಿಡಕ್ಕೂ ಹಣವಿಲ್ಲ. ನೀಲಗಿರಿ, ಅಕೇಶಿಯಾ, ರಬ್ಬರ್, ತೆಂಗು, ಅಡಿಕೆಯಂಥವು ಯೋಜನೆಯ ಹೊರಗಿವೆ.

ಜಮೀನು ಹೋಗುತ್ತದೆ ಎಂಬ ಭಯ ಎಲ್ಲಿಂದ ಬಂತು?

ಈ ಭಯ ಗಾಳಿಯಲ್ಲಿ ಹುಟ್ಟಿದ್ದಲ್ಲ. ಮೈಸೂರು ಸೀಮೆಯಲ್ಲಿ ಟಿಪ್ಪು ಸುಲ್ತಾನನ ಕಾಲದಿಂದ ಶ್ರೀಗಂಧ ಅರಸರ ಮರವಾಗಿತ್ತು. ಯಾರ ಹಿತ್ತಲಲ್ಲಿ ಬೆಳೆದರೂ ಅದು ಸರ್ಕಾರದ್ದು ಎಂಬ ಕಟ್ಟಳೆ ಸ್ವಾತಂತ್ರ್ಯದ ನಂತರವೂ ಉಳಿಯಿತು. ಗಂಧದ ಗಿಡ ಕಂಡರೆ ಪೊಲೀಸ್ ಕಾಟ ಎಂದು ಚಿಗುರಿನಲ್ಲೇ ಚಿವುಟಿದವರಿದ್ದರು. 2001ರಲ್ಲಿ ಕರ್ನಾಟಕ ಅರಣ್ಯ ಕಾಯ್ದೆಗೆ ತಿದ್ದುಪಡಿಯಾಯಿತು. ಅಂದಿನಿಂದ ತನ್ನ ಜಮೀನಿನ ಶ್ರೀಗಂಧಕ್ಕೆ ರೈತನೇ ಮಾಲೀಕ. ಕಾನೂನು ಬದಲಾದರೂ ಹಳೆಯ ಮಾತು ಮಾತ್ರ ಉಳಿದುಕೊಂಡಿತು.

ಇನ್ನೊಂದು ಕಾರಣ 1996ರ ಡಿಸೆಂಬರ್ 12ರಂದು ಗೋದವರ್ಮನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ಆದೇಶ. ಒಡೆತನ ಯಾರದ್ದೇ ಇರಲಿ, ನಿಘಂಟಿನ ಅರ್ಥದಲ್ಲಿ ಅರಣ್ಯವಾಗಿರುವ ಜಾಗಕ್ಕೆ 1980ರ ಅರಣ್ಯ ಸಂರಕ್ಷಣಾ ಕಾಯ್ದೆ ಅನ್ವಯಿಸುತ್ತದೆ ಎಂದು ಅದು ಹೇಳಿತು. ಹಾಗಾದರೆ ನಾವು ಬೆಳೆಸಿದ ತೋಪು ಕೂಡ ಅರಣ್ಯವೇ ಎಂಬ ಅನುಮಾನ ಹುಟ್ಟಿತು. 2023ರ ತಿದ್ದುಪಡಿ ಇದಕ್ಕೆ ಉತ್ತರ ಕೊಟ್ಟಿದೆ: ಅರಣ್ಯವೆಂದು ಘೋಷಿಸದ, ಸರ್ಕಾರಿ ದಾಖಲೆಯಲ್ಲಿ ಅರಣ್ಯವೆಂದು ಇಲ್ಲದ ಜಮೀನಿನಲ್ಲಿ ಬೆಳೆಸಿದ ಮರ, ನೆಡುತೋಪುಗಳಿಗೆ ಆ ಕಾಯ್ದೆ ಅನ್ವಯಿಸುವುದಿಲ್ಲ. ಪಹಣಿಯಲ್ಲಿ ಮರಗಳ ಸಂಖ್ಯೆ ಬರೆಸಿದ ಮಾತ್ರಕ್ಕೆ ಮಾಲೀಕರ ಹೆಸರು ಬದಲಾಗುವುದಿಲ್ಲ. ಬರೆಸಿದ್ದರೆ ಮುಂದೆ ಮರ ನಿಮ್ಮದೆಂದು ತೋರಿಸಲು ಅದೇ ಆಧಾರ.

ಹಾಗಿದ್ದರೆ ಕಡಿಯಲು ಅನುಮತಿ ಯಾಕೆ?

ಗೊಂದಲವಾಗುವುದು ಇಲ್ಲಿಯೇ. ಮಾಲೀಕತ್ವ ಬೇರೆ, ಕಡಿಯುವ ಅನುಮತಿ ಬೇರೆ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯ ಪ್ರಕಾರ ಹಲವು ಜಾತಿಯ ಮರಗಳನ್ನು ಸ್ವಂತ ಹೊಲದಲ್ಲಿದ್ದರೂ ಕಡಿಯುವ ಮುನ್ನ ಅರಣ್ಯ ಇಲಾಖೆಗೆ ಅರ್ಜಿ ಹಾಕಬೇಕು. ನೀಲಗಿರಿ, ಬಳ್ಳಾರಿ ಜಾಲಿಯಂಥ ಕೆಲವಕ್ಕೆ ವಿನಾಯಿತಿ ಇದೆ. ಸಾಗವಾನಿ, ಶ್ರೀಗಂಧ ಸಾಗಿಸಲು ರಹದಾರಿ ಬೇಕು. ಕದ್ದ ಮಾಲಲ್ಲ ಎಂದು ತೋರಿಸುವ ಕಾಗದ ಅದು. ಮಾರಿದ ಹಣ ಬರುವುದು ನಿಮಗೇ. ಸಸಿ ಆರಿಸುವಾಗಲೇ ಆ ಜಾತಿಗೆ ಅನುಮತಿ ಬೇಕೇ ಎಂದು ಕೇಳಿಕೊಂಡರೆ ಹದಿನೈದು ಇಪ್ಪತ್ತು ವರ್ಷದ ನಂತರ ತೊಂದರೆ ಇರುವುದಿಲ್ಲ.

ಸಸಿಗೆ ನೀರಿನ ಸಹಾಯ ಎಲ್ಲಿ ಕೇಳಬೇಕು?

ಸಸಿ ಉಳಿಯುವುದು ಮೊದಲ ಎರಡು ಬೇಸಿಗೆ ದಾಟಿದರೆ. ಅದಕ್ಕೆ ಬೇಕಾದ ನೀರಿನ ಕೆಲಸ ಅರಣ್ಯ ಇಲಾಖೆಯದ್ದಲ್ಲ. ಕೃಷಿ ಹೊಂಡಕ್ಕೆ ಸಹಾಯಧನ ಕೊಡುವ ಕೃಷಿ ಭಾಗ್ಯ ಯೋಜನೆ (2014ರಲ್ಲಿ ಆರಂಭ) ಕೃಷಿ ಇಲಾಖೆಯದ್ದು, ಅರ್ಜಿ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ. ಕೊಳವೆಬಾವಿಗೆ 2011ರ ಕರ್ನಾಟಕ ಅಂತರ್ಜಲ ಕಾಯ್ದೆ ಇದೆ. ಅಧಿಸೂಚಿತ ತಾಲ್ಲೂಕುಗಳಲ್ಲಿ ಕೊರೆಸುವ ಮುನ್ನ ಅನುಮತಿ ಕಡ್ಡಾಯ.

ಏನು ಮಾಡಬೇಕು?

• ಮಳೆ ಶುರುವಾಗುವ ಮೊದಲೇ ವಲಯ ಅರಣ್ಯಾಧಿಕಾರಿ ಕಚೇರಿಗೆ ಹೋಗಿ. ಪಹಣಿ, ಬ್ಯಾಂಕ್ ಪಾಸ್‌ಬುಕ್ ಪ್ರತಿ, ಆಧಾರ್ ಪ್ರತಿ, ಭಾವಚಿತ್ರ ಜೊತೆಗಿರಲಿ.
• ಆ ವರ್ಷದ ದರ, ಸಿಗುವ ಜಾತಿಗಳನ್ನು ಅಲ್ಲೇ ಕೇಳಿ. ದರ ಬದಲಾಗುತ್ತಿರುತ್ತದೆ.
• ಸಸಿ ಕೊಂಡ ರಸೀದಿ ಜೋಪಾನ ಮಾಡಿ. ವರ್ಷ ತುಂಬಿದ ಮೇಲೆ ಎಣಿಕೆಗೆ ಯಾರೂ ಬಾರದಿದ್ದರೆ ಲಿಖಿತವಾಗಿ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ.
• ಅರ್ಜಿ ಹಾಕಿಸುತ್ತೇನೆಂದು ವಾಟ್ಸಾಪ್‌ನಲ್ಲಿ ಎಪಿಕೆ ಕಡತ ಕಳಿಸಿದರೆ ತೆರೆಯಬೇಡಿ, ಒಟಿಪಿ ಹೇಳಬೇಡಿ.

ಸಸಿ ನೆಟ್ಟರೆ ಜಮೀನು ಹೋಗುತ್ತದೆ ಎಂಬ ಸಂದೇಶ ಇನ್ನೊಮ್ಮೆ ಬಂದರೆ ಯಾವ ಕಾಯ್ದೆ, ಯಾವ ಕಲಂ ಎಂದು ಕಳಿಸಿದವರನ್ನೇ ಕೇಳಿ. ಉತ್ತರ ಬರುವ ತನಕ ಅದನ್ನು ಮುಂದೆ ಕಳಿಸಬೇಡಿ.