ಕಸೂತಿಗೆ ಕೂಲಿ ಎಷ್ಟು?

ಹುನಗುಂದದ ಇತಿಹಾಸ ಅಂದ ಕೂಡಲೇ ಎಲ್ಲರೂ ಐಹೊಳೆಯ ಗುಡಿಗಳಿಂದ ಶುರು ಮಾಡಿ ಕೂಡಲಸಂಗಮಕ್ಕೆ ಬಂದು ಮುಗಿಸಿಬಿಡುತ್ತಾರೆ. ಅವೆರಡರ ಬಗ್ಗೆ ಬೇಕಾದಷ್ಟು ಬರಹ ಇವೆ. ನಾನು ಈ ಸಲ ಬರೆಯಹೊರಟಿರುವುದು ಸೂಜಿ-ದಾರದ ಇತಿಹಾಸ. ಹೆಚ್ಚು ಸರಿಯಾಗಿ ಹೇಳಬೇಕೆಂದರೆ, ಆ ಸೂಜಿ ಹಿಡಿದವಳಿಗೆ ಸಿಕ್ಕ (ಅಥವಾ ಸಿಗದ) ಕೂಲಿಯ ಇತಿಹಾಸ.

ಈ ಸೀಮೆಯಲ್ಲಿ ಬಟ್ಟೆಯ ಕಸುಬು ನಿನ್ನೆ ಮೊನ್ನೆಯದಲ್ಲ. ಅಯ್ಯಾವೊಳೆ ಐನೂರ್ವರು ಎಂಬ ವ್ಯಾಪಾರಿ ಸಂಘ ಹೆಸರು ಪಡೆದದ್ದೇ ಐಹೊಳೆಯಿಂದ. ಅವರ ನಂಟು ಹೇಳುವ ಶಾಸನ ಸುಮಾತ್ರಾ ದ್ವೀಪದಲ್ಲೂ ಇದೆ, ಕಾಲ 1088! ಆಮೇಲೆ ಶರಣರ ಕಾಲಕ್ಕೆ ಬಂದರೆ ನೇಯುವ ಜೇಡರ ದಾಸಿಮಯ್ಯ ಸಿಗುತ್ತಾನೆ, ನೂಲುವ ಕದಿರೆ ರೆಮ್ಮವ್ವೆ ಸಿಗುತ್ತಾಳೆ. ಮಾರುವವನು, ನೇಯುವವನು, ನೂಲುವವಳು ಎಲ್ಲರೂ ಆಯಿತು. ಈ ಸಾಲಿನಲ್ಲಿ ಇಲ್ಲದವಳು ಕಸೂತಿ ಹಾಕುವವಳು. ಯಾಕೆ? ನನಗೆ ತೋಚುವ ಕಾರಣ ಇಷ್ಟೇ. ಅವಳ ಕೆಲಸ ಸಂತೆಗೆ ಹೋಗಲಿಲ್ಲ, ಮನೆಯಲ್ಲೇ ಉಳಿಯಿತು.

ಮೊದಲು ಸೀರೆಯ ಮಾತು. ಇಳಕಲ್ಲು ಬಹುಕಾಲ ಹುನಗುಂದ ತಾಲ್ಲೂಕಿನ ಊರು, ಈಗ ಅದೇ ಒಂದು ತಾಲ್ಲೂಕು. ಅಲ್ಲಿನ ಸೀರೆಯ ಗುಟ್ಟು ಇರುವುದು ‘ಟೋಪ್ ತೆನಿ’ ಸೆರಗಿನಲ್ಲಿ. ಒಡಲಿನ ಹಾಸೇ ಬೇರೆ, ಸೆರಗಿನ ಹಾಸೇ ಬೇರೆ. ಒಡಲು ಹತ್ತಿಯದಾದರೂ ಸೆರಗು ರೇಷ್ಮೆಯದು, ಕೆಂಪು-ಬಿಳಿ. ಎರಡೂ ಹಾಸುಗಳ ಎಳೆಗಳನ್ನು ಒಂದಕ್ಕೊಂದು ಕೊಂಡಿಯಂತೆ ಸಿಕ್ಕಿಸಿ ಜೋಡಿಸುತ್ತಾರೆ. ಹಾಗಾಗಿ ಒಂದೊಂದು ಸೀರೆಗೂ ಹಾಸು ಹೊಸದಾಗಿ ಸಿದ್ಧವಾಗಬೇಕು. ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತ ನೇಕಾರನ ಹಿಂದೆ ಮನೆಯ ಹೆಂಗಸರ ಕೆಲಸವೂ ಇರುತ್ತದೆ. ಕಂಡಿಕೆ ಸುತ್ತುವುದು, ಕೊಂಡಿ ಹಾಕುವುದು ಹೀಗೆ. ಆದರೆ ಮಗ್ಗದಿಂದ ಇಳಿದ ಸೀರೆಗೆ ಒಂದು ಬೆಲೆ ಅಂತ ಇತ್ತು. ವ್ಯಾಪಾರಿ ಕಡಿಮೆ ಕೊಟ್ಟ, ಜಗಳ ಆಯಿತು, ಅದೆಲ್ಲ ಬೇರೆ ಮಾತು. ಬೆಲೆ ಕಟ್ಟುವ ರೂಢಿಯಂತೂ ಇತ್ತು.

ಅದೇ ಸೀರೆ ಧಾರವಾಡ, ಹುಬ್ಬಳ್ಳಿ ಕಡೆಯ ಮನೆಗಳಿಗೆ ಹೋದ ಮೇಲೆ ಅದರ ಮೇಲೆ ಕಸೂತಿ ಏರುತ್ತಿತ್ತು. ಮದುವೆಯ ಹೆಣ್ಣಿಗೆ ಕಪ್ಪು ಒಡಲಿನ ಚಂದ್ರಕಾಳಿ ಸೀರೆ ಬೇಕು, ಅದರ ಮೇಲೆ ಕಸೂತಿ ಇರಲೇಬೇಕು. ಕೂಸಿನ ಕುಂಚಿಗೆ, ಕುಲಾವಿ, ತೊಡುವ ಕುಬಸ, ಎಲ್ಲದಕ್ಕೂ ಅದೇ. ಸೆರಗಿನ ಹತ್ತಿರ ದೊಡ್ಡ ಗೋಪುರ, ತೇರು, ಆನೆ ಅಂಬಾರಿ, ತುಳಸಿಕಟ್ಟೆ. ಒಡಲಿನ ಕಡೆ ಸರಿದಂತೆ ಚಿಕ್ಕ ಹಕ್ಕಿ, ಹೂವು, ಚುಕ್ಕಿ.

ಹೊಲಿಗೆ ನಾಲ್ಕು ಬಗೆ. ಗವಂತಿಯಲ್ಲಿ ಸೂಜಿ ಒಂದು ಸಲ ಮನೆ ಬಿಟ್ಟು ಮನೆ ಮುಂದೆ ಹೋಗುತ್ತದೆ, ವಾಪಸ್ಸು ಬರುವಾಗ ಬಿಟ್ಟ ಮನೆಗಳನ್ನು ತುಂಬುತ್ತದೆ. ಮುರ್ಗಿ ಮೆಟ್ಟಿಲು ಮೆಟ್ಟಿಲಾಗಿ ಏರುವಂಥದ್ದು. ನೇಯ್ಗೆ ಎಂಬುದು ಹೆಸರೇ ಹೇಳುವಂತೆ ನೇಯ್ದ ಹಾಗೆ ಕಾಣುತ್ತದೆ. ಹೆಂತೆ (ಕೆಲವರು ಮೆಂತೆ ಅನ್ನುತ್ತಾರೆ) ಅಡ್ಡ-ಉದ್ದ ಕತ್ತರಿಯಂತೆ ತುಂಬುವ ಹೊಲಿಗೆ. ಬಟ್ಟೆಯ ಮೇಲೆ ಚಿತ್ರ ಬರೆದುಕೊಳ್ಳುವಂತಿಲ್ಲ, ಎಳೆ ಎಣಿಸಿಯೇ ಹಾಕಬೇಕು. ಗಂಟು ಹಾಕುವಂತಿಲ್ಲ. ಗವಂತಿ, ಮುರ್ಗಿಗಳಲ್ಲಿ ಮುಂಭಾಗ ಹಿಂಭಾಗ ಎರಡೂ ಒಂದೇ ಥರ ಕಾಣಬೇಕು. ಇಡೀ ತೇರಿನ ಚಿತ್ರದಲ್ಲಿ ದಾರ ಎಲ್ಲಿಂದ ಹೊರಟು ಎಲ್ಲಿ ತಿರುಗಿ ಹೇಗೆ ಮರಳುತ್ತದೆ ಅನ್ನುವುದು ಮೊದಲೇ ತಲೆಯಲ್ಲಿರಬೇಕು. ಒಂದೇ ಒಂದು ಎಳೆ ತಪ್ಪಿದರೆ ಅಷ್ಟನ್ನೂ ಬಿಚ್ಚಬೇಕು. ಕಪ್ಪು ಸೀರೆಯ ಮೇಲೆ ಎಳೆ ಎಣಿಸುವುದೆಂದರೆ ಕಣ್ಣಿಗೆ ಎಷ್ಟು ಶ್ರಮ ಅಂತ ಯೋಚಿಸಿ! ಸೀರೆ ತುಂಬ ಹಾಕಿದರೆ ತಿಂಗಳುಗಟ್ಟಲೆ ಹಿಡಿಯುತ್ತದೆ.

ಇಷ್ಟು ಲೆಕ್ಕದ ಕೆಲಸಕ್ಕೆ ಲೆಕ್ಕವೇ ಇರಲಿಲ್ಲ. ಮಗಳಿಗಾಗಿ, ಸೊಸೆಗಾಗಿ, ಮೊಮ್ಮಗುವಿಗಾಗಿ ಮಾಡಿದ್ದಕ್ಕೆ ಯಾರು ಬೆಲೆ ಕೇಳುತ್ತಾರೆ? ಅಡುಗೆ, ಹೊಲ, ಮಕ್ಕಳು ಎಲ್ಲ ಮುಗಿದ ಮೇಲೆ ‘ಹೊತ್ತು ಕಳೆಯಲು’ ಮಾಡುವುದು ಎಂದು ಅದಕ್ಕೆ ಹೆಸರಾಯಿತು. ಮುಂದೆ ಕಸೂತಿ ಪೇಟೆಗೆ ಬಂತು. ಅಂಗಡಿಗಳು ಬಂದವು, ಸಂಘಗಳು ಬಂದವು, 2005-06ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆಯೂ ಬಂತು. (ಇಳಕಲ್ ಸೀರೆಗೆ ಅದು ಬಂದದ್ದು 2007-08ರಲ್ಲಿ.) ಆದರೆ ಬಿಡುವಿನ ಕೆಲಸ ಎಂಬ ಹಳೆಯ ಹೆಸರು ಹಿಂದೆಯೇ ಬಂತು. ಸೀರೆ, ದಾರ ಕೊಟ್ಟು ಹೋಗುವವರು ತುಂಡಿಗಿಷ್ಟು ಎಂದು ಕೊಡುತ್ತಾರೆಯೇ ಹೊರತು ಅವಳು ಕೂತ ಗಂಟೆಗಳನ್ನು ಎಣಿಸುವುದಿಲ್ಲ. ‘ಹೇಗೂ ಮನೆಯಲ್ಲೇ ಇರ್ತೀರಲ್ಲ’ ಎನ್ನುವ ವಾದದ ಮುಂದೆ ಚೌಕಾಸಿ ಮಾಡುವುದು ಕಷ್ಟ.

ಇದು ನಮ್ಮೊಬ್ಬರ ಕಥೆಯಲ್ಲ. ಗುಜರಾತಿನ ಕಚ್ಛ್‌ನಲ್ಲಿ ಕುರಿ, ಒಂಟೆ ಮೇಯಿಸಿಕೊಂಡು ಅಲೆಯುವ ರಬಾರಿ ಜನ ಇದ್ದಾರೆ. ಕನ್ನಡಿ ಕೂರಿಸಿದ ಅವರ ಕಸೂತಿ ಜಗತ್ತಿಗೇ ಗೊತ್ತು. ಅವರಲ್ಲಿ ಢೇಬರಿಯಾ ಎಂಬ ಪಂಗಡದಲ್ಲಿ ಹೆಣ್ಣು ಗಂಡನ ಮನೆಗೆ ಹೋಗಬೇಕಾದರೆ ಕಸೂತಿ ಬಟ್ಟೆಗಳ ದೊಡ್ಡ ಗಂಟನ್ನೇ ಮುಗಿಸಿರಬೇಕಿತ್ತು. ಮುಗಿಯುವಷ್ಟರಲ್ಲಿ ವಯಸ್ಸು ಮೀರುತ್ತಿತ್ತು! 1990ರ ದಶಕದಲ್ಲಿ ಪಂಗಡದ ಹಿರಿಯರು ತಮ್ಮ ಬಳಕೆಗೆ ಕಸೂತಿ ಹಾಕುವುದನ್ನೇ ನಿಷೇಧಿಸಿದರು. ಹೆಂಗಸರು ಸುಮ್ಮನೆ ಕೂರಲಿಲ್ಲ. ಪೇಟೆಯಲ್ಲಿ ಸಿಗುವ ಪಟ್ಟಿ, ಲೇಸುಗಳನ್ನು ಯಂತ್ರದಲ್ಲಿ ಜೋಡಿಸಿ ‘ಹರಿ ಜರಿ’ ಎಂಬ ಹೊಸ ಕೆಲಸ ಹುಟ್ಟಿಸಿದರು. ಅದೇ ಪಂಗಡದ ಪಾಬಿಬೆನ್ ರಬಾರಿ ಅದರಿಂದ ಚೀಲಗಳನ್ನು ಮಾಡಿ, ತನ್ನದೇ ಹೆಸರಿನ ಉದ್ದಿಮೆ ಕಟ್ಟಿ, ಬೇರೆ ಹೆಂಗಸರಿಗೂ ಕೆಲಸ ಕೊಟ್ಟರು. ಮಾಲಿನ ಮೇಲೆ ಹಾಕುವವಳ ಹೆಸರೇ ಇದೆ, ಗಮನಿಸಿ.

ನಮ್ಮ ಕಡೆ ರಬಾರಿಗಳಿಗೆ ಹತ್ತಿರದವರು ಲಂಬಾಣಿಗರು. ಎತ್ತುಗಳ ಮೇಲೆ ದವಸ, ಉಪ್ಪು ಹೇರಿಕೊಂಡು ಊರೂರು ತಿರುಗುತ್ತಿದ್ದವರು. ಹತ್ತೊಂಬತ್ತನೇ ಶತಮಾನದಲ್ಲಿ ರೈಲು ಬಂದು ಆ ಕಸುಬು ಹೋಯಿತು, ತಾಂಡಾಗಳಲ್ಲಿ ನೆಲೆ ನಿಂತರು. ಅವರ ಹೆಂಗಸರ ಕಸೂತಿಯೂ ಮೈಮೇಲೆ ಹಾಕಿಕೊಳ್ಳಲು ಮಾಡಿದ್ದೇ, ಮಾರಲು ಅಲ್ಲ. 1980ರ ದಶಕದಲ್ಲಿ ಶುರುವಾದ ಸಂಡೂರು ಕುಶಲ ಕಲಾ ಕೇಂದ್ರ ಅವರನ್ನು ಒಟ್ಟುಗೂಡಿಸಿತು. 2010-11ರಲ್ಲಿ ಸಂಡೂರು ಲಂಬಾಣಿ ಕಸೂತಿಗೂ ಭೌಗೋಳಿಕ ಸೂಚಕ ಸಿಕ್ಕಿತು. 2023ರ ಜುಲೈನಲ್ಲಿ ಹಂಪಿಯ ಜಿ-20 ಸಭೆಯ ವೇಳೆ 450ಕ್ಕೂ ಹೆಚ್ಚು ಮಹಿಳೆಯರು ಮಾಡಿದ 1755 ವಸ್ತುಗಳನ್ನು ಪ್ರದರ್ಶನಕ್ಕಿಟ್ಟು ಗಿನ್ನೆಸ್ ದಾಖಲೆ ಆಯಿತು. ದಾಖಲೆಯಿಂದ ಹೊಟ್ಟೆ ತುಂಬುವುದಿಲ್ಲ, ನಿಜ. ಆದರೆ ಒಟ್ಟಾಗಿ ಕೂತು ಕೆಲಸ ಮಾಡುವವರು ಒಟ್ಟಾಗಿ ಬೆಲೆಯನ್ನೂ ಕೇಳಬಹುದು. ಒಬ್ಬೊಬ್ಬಳೇ ತನ್ನ ಪಡಸಾಲೆಯಲ್ಲಿ ಕೂತವಳಿಗೆ ಆ ಅನುಕೂಲ ಇಲ್ಲ.

ಈಗ ಕಂಪ್ಯೂಟರ್ ಯಂತ್ರಗಳೂ ಗೋಪುರ, ತೇರು ಹಾಕುತ್ತವೆ. ಅಚ್ಚು ಹೊಡೆದ ‘ಕಸೂತಿ’ ಕೂಡ ಬಂದಿದೆ. ಕಡಿಮೆ ದುಡ್ಡಿನಲ್ಲಿ ಅದನ್ನು ಕೊಂಡವರನ್ನು ನಾನು ಬೈಯುವುದಿಲ್ಲ. ಆದರೆ ಅದನ್ನು ಕೈಕಸೂತಿ ಅಂತ ಮಾರಿದರೆ ಮೋಸ ಹೋಗುವವರು ಇಬ್ಬರು, ಕೊಂಡವರು ಮತ್ತು ಹಾಕುವವಳು. ಪರೀಕ್ಷೆ ಸುಲಭ. ಸೆರಗನ್ನು ತಿರುವಿ ನೋಡಿ. ಗವಂತಿಯ ಗೆರೆ ಹಿಂದೆಯೂ ಅಷ್ಟೇ ಚೊಕ್ಕಟವಾಗಿದ್ದರೆ ಅಲ್ಲೊಬ್ಬಳು ಕೂತು ಎಳೆ ಎಣಿಸಿದ್ದಾಳೆ. ಹಿಂದೆ ಬೇರೆ ದಾರ ಓಡಿದ್ದರೆ, ಅಂಟಿಸಿದ ಕಾಗದದಂಥ ಪದರ ಇದ್ದರೆ ಅದು ಯಂತ್ರದ್ದು.

ತಿರುವಿ ನೋಡಿದ ಮೇಲೆ ಇನ್ನೊಂದು ಪ್ರಶ್ನೆಯನ್ನೂ ಅಂಗಡಿಯವರನ್ನು ಕೇಳಿ. ಇದನ್ನು ಹಾಕಿದವರು ಯಾರು, ಎಷ್ಟು ದಿನ ಹಿಡಿಯಿತು, ಅವರಿಗೆ ಎಷ್ಟು ಸೇರಿತು? ಉತ್ತರ ಸಿಗಲಿ, ಬಿಡಲಿ. ಹತ್ತು ಜನ ಕೇಳಿದರೆ ಹನ್ನೊಂದನೆಯವರಿಗಾದರೂ ಉತ್ತರ ಇಟ್ಟುಕೊಂಡಿರಬೇಕಾಗುತ್ತದೆ.

ನಿಮ್ಮ ಮನೆಯ ಟ್ರಂಕಿನಲ್ಲಿ ಅಜ್ಜಿಯದೋ ಮುತ್ತಜ್ಜಿಯದೋ ಚಂದ್ರಕಾಳಿ ಇದ್ದರೆ ಒಮ್ಮೆ ಹೊರತೆಗೆಯಿರಿ. ಸೀರೆ ಎಲ್ಲಿಯದು ಅಂತ ಎಲ್ಲರೂ ಹೇಳುತ್ತಾರೆ, ಕಸೂತಿ ಯಾರದು ಅಂತ ಮನೆಯ ಹಿರಿಯರನ್ನು ಕೇಳಿ ಬರೆದಿಡಿ. ನಿಮ್ಮ ಬ್ಲಾಗಿನಲ್ಲಿ ಬರೆದರೆ ನಮಗೂ ತಿಳಿಸಿ, ಬಂದು ಓದುತ್ತೇವೆ.